ಮರವಂತೆಯ ಮರಳಿನಲ್ಲಿ ಕಂಡ ಹಕ್ಕಿ ಯಾವುದು?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯವನು. ನಾಲ್ಕು ವರ್ಷಗಳಿಂದ ಹಕ್ಕಿ ನೋಡುವ ಹವ್ಯಾಸ ಹತ್ತಿಕೊಂಡಿದೆ. ಕಳೆದ ಜುಲೈಯಲ್ಲಿ ಮೂರು ದಿನ ಬಿಡದೆ ಗಾಳಿಮಳೆ ಹೊಡೆದು ನಿಂತ ಬೆಳಿಗ್ಗೆ ಮರವಂತೆಯ ಕಡಲತೀರದಲ್ಲಿ, ಮೇಲೆಲ್ಲ ಕಪ್ಪಾಗಿ ಕೆಳಗೆ ಬೆಳ್ಳಗಿದ್ದ ಹಕ್ಕಿಯೊಂದು ಮರಳಿನ ಮೇಲೆ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದೆ. ಮಧ್ಯಾಹ್ನ ಮತ್ತೆ ಹೋದಾಗ ಅದು ಅಲ್ಲಿರಲಿಲ್ಲ. ಚಿತ್ರ ನೋಡಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ಅದನ್ನು ‘ಸೂಟಿ ಟರ್ನ್’ ಎಂದಿತು, ನಾನು ಹಾಗೆಯೇ, ಹಕ್ಕಿ ನೋಡುವವರು ತಮ್ಮ ಪಟ್ಟಿ ಹಾಕುವ ಜಾಲತಾಣವಾದ ಇ-ಬರ್ಡ್‌ನಲ್ಲಿ ದಾಖಲಿಸಿದೆ. ವಾರ ಕಳೆದ ಮೇಲೆ ಅದರ ಪರಿಶೀಲಕರ ಪತ್ರ ಬಂತು: ‘ಇದು ಬ್ರೈಡಲ್ಡ್ ಟರ್ನ್ ಅಲ್ಲವೆಂದು ಹೇಗೆ ತೀರ್ಮಾನಿಸಿದಿರಿ?’ ಬೇಸರವಾಗಿ ಉತ್ತರಿಸಲಿಲ್ಲ. ನನ್ನ ದಾಖಲೆ ಇನ್ನೂ ಎಲ್ಲರಿಗೆ ಕಾಣುವ ನಕ್ಷೆಗೆ ಬಂದಿಲ್ಲ. ಅಂದು ದಡದಲ್ಲಿದ್ದ ನಾಡದೋಣಿಯ ಇಬ್ಬರು ಹಿರಿಯರು ‘ಇದನ್ನು ಪ್ರತಿ ಮಳೆಗಾಲ ಕಡಲಲ್ಲಿ ಕಾಣುತ್ತೇವೆ’ ಎಂದಿದ್ದರು. ಕಣ್ಣಾರೆ ಕಂಡದ್ದನ್ನು ನಂಬದಿದ್ದರೆ ಊರಿನ ನಮ್ಮಂಥವರು ವರದಿ ಮಾಡಿ ಏನು ಪ್ರಯೋಜನ? ಇಂಥ ಹಕ್ಕಿ ಮತ್ತೆ ಸಿಕ್ಕರೆ ಏನು ಮಾಡಬೇಕು?

ಉತ್ತರ: ಮೊದಲು ಹಕ್ಕಿಯ ವಿಷಯ. ನೀವು ಕಳಿಸಿದ ನಾಲ್ಕು ಚಿತ್ರಗಳನ್ನು ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ ಹಾಕಿಕೊಂಡು ಎರಡು ಸಂಜೆ ನೋಡಿದ್ದೇನೆ. ಮೊದಲೆರಡರಲ್ಲಿ ಹಕ್ಕಿ ತೊಯ್ದು ಮುದ್ದೆಯಾಗಿದೆ, ಬೆನ್ನು ಇದ್ದಿಲಿನಷ್ಟು ಕಪ್ಪಾಗಿ ಕಾಣುತ್ತದೆ. ಅವೆರಡೇ ನನ್ನ ಕೈಗೆ ಬಂದಿದ್ದರೆ ನಾನೂ ಸೂಟಿ ಟರ್ನ್ ಕಡೆಗೇ ವಾಲುತ್ತಿದ್ದೆ. ಮೂರನೆಯ ಚಿತ್ರದಲ್ಲಿ ಅದು ತಲೆಯನ್ನು ಪಕ್ಕಕ್ಕೆ ಹೊರಳಿಸಿದೆ. ಹಣೆಯ ಬಿಳಿ ಕಣ್ಣಿನ ಮೇಲಕ್ಕೆ ಬಂದು ಅಲ್ಲಿಗೇ ನಿಂತಿಲ್ಲ. ಸಣ್ಣ ಎಳೆಯಾಗಿ ಕಣ್ಣನ್ನು ದಾಟಿ ಹಿಂದಕ್ಕೆ ಸರಿದು, ಹೋಗುತ್ತ ಹೋಗುತ್ತ ಕೂದಲಿನಷ್ಟು ತೆಳುವಾಗಿ ಮಾಯವಾಗಿದೆ. ನಾಲ್ಕನೆಯ ಚಿತ್ರ ಅಲುಗಾಡಿದ್ದರೂ ಅದರಲ್ಲಿ ಹಕ್ಕಿ ಬೆನ್ನು ತಿರುಗಿಸಿರುವುದರಿಂದ ಇನ್ನೊಂದು ಸಂಗತಿ ಸಿಕ್ಕಿತು. ನೆತ್ತಿಯ ಕಪ್ಪು ಕತ್ತಿನ ಹಿಂದೆ ಮುಗಿಯುತ್ತದೆ, ಅಲ್ಲಿ ಒಂದು ಮಾಸಲು ಪಟ್ಟಿ, ಆಮೇಲೆ ಕಂದು ಬೆರೆತ ಬೂದು ಬಣ್ಣದ ಬೆನ್ನು. ನಿಮ್ಮ ಹಕ್ಕಿ ಬ್ರೈಡಲ್ಡ್ ಟರ್ನ್.

ಕನ್ನಡದಲ್ಲಿ ಟರ್ನ್‌ಗಳಿಗೆ ರೀವ ಎನ್ನುತ್ತೇವೆ. ಹೊಳೆಯ ಮೇಲೆ ಹಾರುವ ರೀವ ನಿಮಗೆ ದಿನನಿತ್ಯದ ಪರಿಚಯ. ಈ ಎರಡು ಕಡಲ ರೀವಗಳನ್ನು ನಮ್ಮಲ್ಲಿ ಇಂಗ್ಲಿಷ್ ಹೆಸರಿನಿಂದಲೇ ಕರೆಯುವುದು ರೂಢಿ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಬ್ರೈಡಲ್ ಎಂದರೆ ಕುದುರೆಯ ಕಡಿವಾಣ. ಕೊಕ್ಕಿನ ಬುಡದಿಂದ ಕಣ್ಣಿಗೆ ಹಾದುಹೋಗುವ ಕಪ್ಪು ಗೆರೆ, ಅದರ ಮೇಲೆ ಬಿಳಿಯ ಎಳೆ, ಎರಡೂ ಸೇರಿ ಕುದುರೆಯ ಮುಖಕ್ಕೆ ಕಟ್ಟಿದ ಪಟ್ಟಿಯಂತೆ ಕಾಣುತ್ತವೆ. ಸೂಟಿ ಎಂದರೆ ಮಸಿಯ ಬಣ್ಣದ್ದು. ಅದರ ನೆತ್ತಿ, ಕತ್ತು, ಬೆನ್ನು ಒಂದೇ ಕಪ್ಪು, ನಡುವೆ ಅಂತರವಿಲ್ಲ. ಹಣೆಯ ಬಿಳಿ ಅಗಲವಾಗಿದ್ದು ಕಣ್ಣಿನ ಬಳಿಗೆ ನಿಂತುಬಿಡುತ್ತದೆ. ಒಣ ಬಿಸಿಲಿನಲ್ಲಿ ಕೂತ ಹಕ್ಕಿಯಲ್ಲಿ ಈ ವ್ಯತ್ಯಾಸ ಸುಲಭ. ಆದರೆ ಮಳೆಗಾಲದ ಮೋಡದ ಬೆಳಕಿನಲ್ಲಿ ನೆನೆದ ಗರಿಯ ಬೂದು ಕಂದು ಬಣ್ಣ ಕಪ್ಪೇ ಆಗಿಬಿಡುತ್ತದೆ. ಹಕ್ಕಿ ನೋಡುವುದರಲ್ಲಿ ತಲೆ ನರೆತವರನ್ನೂ ಈ ಜೋಡಿ ದಾರಿ ತಪ್ಪಿಸಿದೆ. ಆ್ಯಪ್ ತಪ್ಪಿದ್ದಕ್ಕೆ ಅದನ್ನು ದೂರುವ ಅಗತ್ಯವಿಲ್ಲ. ನೀವು ಅದಕ್ಕೆ ತೋರಿಸಿದ್ದು ಮೊದಲನೆಯ ಚಿತ್ರವನ್ನು. ಮೂರನೆಯದನ್ನು ಹಿಗ್ಗಿಸಿ ತೋರಿಸಿ ನೋಡಿ.

ಇಷ್ಟು ಹೇಳಿದ ಮೇಲೆ ಆ ಪತ್ರಕ್ಕೆ ಬರೋಣ. ಪರಿಶೀಲಕರು ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ‘ನೀವು ನಿಜವಾಗಿ ನೋಡಿದಿರಾ’ ಎಂದು ಅವರು ಕೇಳಿಲ್ಲ. ಅಲ್ಲಿ ಒಂದು ಹಕ್ಕಿ ಇತ್ತು, ನೀವು ನೋಡಿದಿರಿ, ಅದು ಕಡಲ ರೀವ ಎನ್ನುವುದನ್ನೆಲ್ಲ ಒಪ್ಪಿಕೊಂಡೇ, ಅದನ್ನು ಹೋಲುವ ಇನ್ನೊಂದನ್ನು ಹೇಗೆ ಹೊರಗಿಟ್ಟಿರಿ ಎಂದು ಕೇಳಿದ್ದಾರೆ. ನಮ್ಮ ದೇಶದಲ್ಲಿ ಈ ಕೆಲಸ ಮಾಡುವವರು ಸ್ವಯಂಸೇವಕರು. ಹಗಲೆಲ್ಲ ಬೇರೆ ನೌಕರಿ ಮಾಡಿ ರಾತ್ರಿ ಕೂತು ಇಂಥ ಪತ್ರ ಬರೆಯುತ್ತಾರೆ. ಒಂದೇ ದಿನ ಹತ್ತಾರು ಪತ್ರ ಬರೆಯಬೇಕಾದಾಗ ಮಾತು ಚುಟುಕಾಗುತ್ತದೆ, ಚುಟುಕಾದ ಮಾತು ಓದುವವರಿಗೆ ಒರಟಾಗಿ ಕೇಳುತ್ತದೆ.

ವ್ಯವಸ್ಥೆ ನಡೆಯುವ ರೀತಿ ಹೀಗೆ. ಪ್ರತಿ ಪ್ರದೇಶಕ್ಕೂ ತಿಂಗಳ ಲೆಕ್ಕದಲ್ಲಿ ಒಂದು ಜರಡಿ ಇರುತ್ತದೆ: ಈ ಜಿಲ್ಲೆಯಲ್ಲಿ ಈ ತಿಂಗಳು ಯಾವ ಹಕ್ಕಿ, ಹೆಚ್ಚೆಂದರೆ ಎಷ್ಟು. ಜರಡಿಗೆ ಸಿಕ್ಕಿಕೊಂಡ ದಾಖಲೆ ಪರಿಶೀಲಕರ ಮುಂದೆ ಬರುತ್ತದೆ. ಅಪರೂಪದ ಹಕ್ಕಿ ಮಾತ್ರವಲ್ಲ, ಸಾಮಾನ್ಯ ಹಕ್ಕಿಯ ಅಸಾಮಾನ್ಯ ಸಂಖ್ಯೆಯೂ ಸಿಕ್ಕಿಕೊಳ್ಳುತ್ತದೆ. ಖಚಿತವಾಗುವ ತನಕ ಆ ದಾಖಲೆ ಸಾರ್ವಜನಿಕ ನಕ್ಷೆಯಲ್ಲಿ ಕಾಣುವುದಿಲ್ಲ, ನಿಮ್ಮ ಸ್ವಂತ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಯಾರೂ ಅದನ್ನು ಅಳಿಸಿಲ್ಲ. ಇಂದು ಒಪ್ಪದ ದಾಖಲೆಯನ್ನು ಹೊಸ ಆಧಾರ ಸಿಕ್ಕಾಗ ಮತ್ತೆ ತೆರೆದು ನೋಡಲು ಸಾಧ್ಯವಿದೆ. ನಿಮ್ಮಂಥ ಸಾವಿರಾರು ಜನರ ಪಟ್ಟಿಗಳಿಂದಲೇ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಯ ಹಕ್ಕಿಗಳ ಸ್ಥಿತಿಗತಿಯನ್ನು ಅಳೆಯಿತು, 178 ಜಾತಿಗಳಿಗೆ ತುರ್ತಾಗಿ ರಕ್ಷಣೆ ಬೇಕೆಂದು ಗುರುತಿಸಿತು. ಅಂಥ ತೂಕದ ಮಾತಿಗೆ ಆಧಾರವಾಗುವ ದಾಖಲೆಯನ್ನು ತಿರುಗಿಸಿ ಮುರುಗಿಸಿ ನೋಡಲೇಬೇಕಾಗುತ್ತದೆ.

ನೋಡದೆ ಒಪ್ಪಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಮಹಾರಾಷ್ಟ್ರದ್ದೇ ಒಂದು ಕಥೆಯಿದೆ. ಫಾರೆಸ್ಟ್ ಔಲೆಟ್ ಎಂಬುದು ಹೆಚ್ಚುಕಡಿಮೆ ನಮ್ಮ ಹಾಲಕ್ಕಿಯ ಗಾತ್ರದ ಗೂಬೆ. 1873ರಲ್ಲಿ ಎ. ಓ. ಹ್ಯೂಮ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. 1884ರಲ್ಲಿ ಖಾನ್‌ದೇಶದಲ್ಲಿ ಜೇಮ್ಸ್ ಡೇವಿಡ್ಸನ್ ಸಂಗ್ರಹಿಸಿದ ಮೇಲೆ ಅದರ ಸುದ್ದಿಯೇ ಇಲ್ಲ. ಆದರೆ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಅದನ್ನು ಹೊಡೆದೆನೆಂದು ಹೇಳಿಕೊಂಡಿದ್ದರು. ಪುಸ್ತಕಗಳು ಅದನ್ನು ಹಾಗೆಯೇ ಎತ್ತಿಕೊಂಡವು. ದೊಡ್ಡ ಹೆಸರಿನ ಮನುಷ್ಯ, ಕೈಯಲ್ಲಿ ಹಕ್ಕಿಯ ಚರ್ಮವೂ ಇದೆ, ಇನ್ನೇನು ಬೇಕು? 1990ರ ದಶಕದಲ್ಲಿ ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸೆನ್ ಆ ಚರ್ಮವನ್ನು ಕೈಗೆತ್ತಿಕೊಂಡು ಹೊಲಿಗೆ, ಒಳಗೆ ತುಂಬಿದ ಹತ್ತಿ, ತಯಾರಿಸಿದ ಕ್ರಮ ಎಲ್ಲವನ್ನೂ ಪರೀಕ್ಷಿಸಿದಾಗ, ಅದು ಡೇವಿಡ್ಸನ್ ಅವರದೇ ಹಳೆಯ ಹಕ್ಕಿ, ಬ್ರಿಟಿಷ್ ಮ್ಯೂಸಿಯಂನಿಂದ ಕದ್ದು ಮತ್ತೆ ತುಂಬಿ ಹೊಲಿದದ್ದು ಎಂದು ಬಯಲಾಯಿತು. ಚರ್ಮಕ್ಕೆ ಕಟ್ಟಿದ್ದ ಸುಳ್ಳು ಚೀಟಿಯ ಬೆನ್ನು ಹತ್ತಿದವರು ಅಷ್ಟು ಕಾಲ ತಪ್ಪು ಜಾಗದಲ್ಲಿ ಹುಡುಕಿದ್ದರು. ಆ ಚೀಟಿಯನ್ನು ಬದಿಗಿಟ್ಟು, ನಿಜವಾದ ಹಳೆಯ ದಾಖಲೆಗಳು ತೋರಿಸುವ ಕಡೆ ಹೋದ ರಾಸ್ಮುಸೆನ್ ಮತ್ತು ಜೊತೆಗಾರರಿಗೆ 1997ರ ನವೆಂಬರಿನಲ್ಲಿ ಶಹಾದಾ ಬಳಿಯ ಕಾಡಿನಲ್ಲಿ ಗೂಬೆ ಸಿಕ್ಕಿತು, 113 ವರ್ಷಗಳ ನಂತರ.

ನಿಮ್ಮನ್ನು ಅಂಥವರ ಸಾಲಿಗೆ ಸೇರಿಸಲು ಇದನ್ನು ಹೇಳಲಿಲ್ಲ. ಹೇಳಿದವರ ದೊಡ್ಡಸ್ತಿಕೆ ನೋಡಿ ದಾಖಲೆಯನ್ನು ಒಪ್ಪುವುದು ಎಷ್ಟು ಹಾನಿಕರ ಎಂದು ತೋರಿಸಲು ಹೇಳಿದೆ. ಇವತ್ತಿನ ಪರಿಶೀಲಕರು ಮೂವತ್ತು ವರ್ಷ ಅನುಭವವಿದ್ದವರಿಗೂ ಇದೇ ಪ್ರಶ್ನೆ ಹಾಕುತ್ತಾರೆ. ನಾನೂ ಅದಕ್ಕೆ ಉತ್ತರ ಕೊಟ್ಟವನೇ.

ಒಂದು ಸಲ ಉತ್ತರ ಕೊಡಲಾಗಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕಾರವಾರದಲ್ಲಿ ಕಾಳಿ ನದಿಯ ಅಳಿವೆಯ ಬಳಿ ನಿಂತಿದ್ದಾಗ ಕಂದು ಬಣ್ಣದ ಹಕ್ಕಿಯೊಂದು ರೀವಗಳ ಹಿಂಡನ್ನು ಅಟ್ಟಿಸಿಕೊಂಡು ಹೋಯಿತು. ಬೇರೆ ಹಕ್ಕಿಗಳ ಬಾಯಿಂದ ಮೀನು ಕಸಿಯುವ ಜೇಗರ್ ಅದು ಎಂಬುದರಲ್ಲಿ ಸಂಶಯವಿರಲಿಲ್ಲ. ಯಾವ ಜೇಗರ್? ಸಂಜೆ ಕೋಣೆಗೆ ಬಂದು ಪುಸ್ತಕ ತೆರೆದೆ, ಬಾಲದ ನಡುವಿನ ಎರಡು ಚೂಪಾದ ಗರಿ ನೋಡಿ ‘ಇದೇ, ಪ್ಯಾರಾಸಿಟಿಕ್ ಜೇಗರ್’ ಎಂದು ಬರೆದುಕೊಂಡೆ. ತಿಂಗಳಾದ ಮೇಲೆ ಹಿರಿಯರೊಬ್ಬರು, ಬಾಲವನ್ನು ಕಂಡಿದ್ದೀಯಾ ಎಂದು ಕೇಳಿದರು. ಸ್ಥಳದಲ್ಲಿ ಗೀಚಿದ ಟಿಪ್ಪಣಿ ತೆಗೆದು ನೋಡಿದರೆ ಅದರಲ್ಲಿದ್ದದ್ದು ಮೂರೇ ಮಾತು: ‘ಕಂದು, ವೇಗ, ರೆಕ್ಕೆಯಲ್ಲಿ ಬಿಳಿ ಮಚ್ಚೆ’. ಬಾಲದ ಮಾತೇ ಇಲ್ಲ. ಆದರೆ ಕಣ್ಣು ಮುಚ್ಚಿದರೆ ನನಗೆ ಆ ಚೂಪು ಗರಿ ಸ್ಪಷ್ಟವಾಗಿ ಕಾಣುತ್ತಿತ್ತು. ಪುಸ್ತಕದ ಚಿತ್ರದಿಂದ ಬಾಲವನ್ನು ತಂದು ನನ್ನ ನೆನಪು ಆ ಹಕ್ಕಿಗೆ ಅಂಟಿಸಿಬಿಟ್ಟಿತ್ತು. ಆ ದಾಖಲೆಯನ್ನು ‘ಜೇಗರ್, ಜಾತಿ ತಿಳಿಯದು’ ಎಂದು ತಿದ್ದಿದೆ. ಇಂದಿಗೂ ಅದು ಹಾಗೆಯೇ ಇದೆ, ಮತ್ತು ಹಾಗಿರುವುದರಿಂದಲೇ ಯಾರು ಬೇಕಾದರೂ ಅದನ್ನು ನೆಚ್ಚಿಕೊಳ್ಳಬಹುದು.

ಆದ್ದರಿಂದ ನಿಮ್ಮಲ್ಲಿ ನನ್ನ ದೊಡ್ಡ ಬೇಡಿಕೆ ಇದೊಂದೇ: ಹಕ್ಕಿ ಕಣ್ಣೆದುರು ಇರುವಾಗಲೇ, ಪುಸ್ತಕವನ್ನೂ ಆ್ಯಪನ್ನೂ ತೆರೆಯುವ ಮೊದಲು, ಕಂಡದ್ದನ್ನು ಬರೆಯಿರಿ ಅಥವಾ ಮೊಬೈಲಿಗೆ ಹೇಳಿ ಧ್ವನಿಮುದ್ರಿಸಿಕೊಳ್ಳಿ. ಹೆಸರು ಬೇಡ. ಪಕ್ಕದಲ್ಲಿದ್ದ ಕಾಗೆಗಿಂತ ದೊಡ್ಡದೋ ಚಿಕ್ಕದೋ, ಕೊಕ್ಕು ಯಾವ ಬಣ್ಣ, ಕಣ್ಣಿನ ಸುತ್ತ ಏನಿದೆ, ಕಾಲು ಹೇಗಿದೆ, ರೆಕ್ಕೆ ಬಿಚ್ಚಿದಾಗ ಒಳಮೈ ಯಾವ ಬಣ್ಣ. ಕಾಣದಿದ್ದದ್ದನ್ನು ‘ಕಾಣಲಿಲ್ಲ’ ಎಂದೇ ಬರೆಯಿರಿ. ಬೆಳಕು ಹೇಗಿತ್ತು, ಎಷ್ಟು ದೂರದಿಂದ ನೋಡಿದಿರಿ ಎಂಬುದೂ ಇರಲಿ. ಫೋಟೋ ಇಲ್ಲದೆ ಇಂಥ ಐದು ಸಾಲಿನ ಟಿಪ್ಪಣಿಯಿಂದಲೇ ಒಪ್ಪಿಗೆಯಾದ ದಾಖಲೆಗಳನ್ನು ಕಂಡಿದ್ದೇನೆ. ಫೋಟೋ ತೆಗೆಯುವುದಾದರೆ ಒಂದೇ ಭಂಗಿಯ ಐವತ್ತು ಚಿತ್ರಕ್ಕಿಂತ ಮುಂದೆ, ಪಕ್ಕ, ಹಿಂದೆ ಎಂದು ಮೂರು ಸಾಕು. ನಿಮ್ಮ ಹಕ್ಕಿಯನ್ನು ಗುರುತಿಸಿಕೊಟ್ಟದ್ದು ನೀವು ಬೇಡವೆಂದು ಪಕ್ಕಕ್ಕಿಟ್ಟಿದ್ದ ಕೊನೆಯ ಎರಡು ಚಿತ್ರಗಳು. ಮಬ್ಬಾದವನ್ನು ಅಳಿಸಬೇಡಿ.

ಸೂಟಿ ಅಲ್ಲವೆಂದು ನಿರಾಶೆಯಾಗಿದ್ದರೆ ಈ ಹಕ್ಕಿ ಎಲ್ಲಿಂದ ಬಂದಿರಬಹುದು ಎಂದು ಯೋಚಿಸಿ. ಮಹಾರಾಷ್ಟ್ರದ ಸಿಂಧುದುರ್ಗದ ಕರಾವಳಿಯಾಚೆ ವೆಂಗುರ್ಲಾ ರಾಕ್ಸ್ ಎಂಬ ಬಂಡೆದ್ವೀಪಗಳಿವೆ, ಬ್ರೈಡಲ್ಡ್ ಟರ್ನ್‌ಗಳು ಅಲ್ಲಿ ಗೂಡು ಮಾಡುತ್ತವೆ. ಮರವಂತೆಯಿಂದ ಇನ್ನೂರು ಕಿಲೋಮೀಟರಿಗೂ ಆಚೆ. ಸೂಟಿ ಟರ್ನ್‌ಗಳಿಗೆ ಒಂದು ನೆಲೆ ಲಕ್ಷದ್ವೀಪದ ಪಿಟ್ಟಿ, ಜನವಸತಿಯಿಲ್ಲದ ಒಂದು ಮರಳ ದಿಬ್ಬ. ಎರಡೂ ಅರಬ್ಬಿ ಸಮುದ್ರದ ಹಕ್ಕಿಗಳೇ. ನೆಲ ಅವುಗಳಿಗೆ ಗೂಡು ಕಟ್ಟಲು ಮಾತ್ರ ಬೇಕು. ಸೂಟಿಯ ಮರಿಗಳಂತೂ ಗೂಡು ಬಿಟ್ಟ ಮೇಲೆ ವರ್ಷಗಟ್ಟಲೆ ದಡ ಮುಟ್ಟದೆ ಕಡಲ ಮೇಲೆಯೇ ಬದುಕುತ್ತವೆ.

ಜೂನ್‌ನಿಂದ ಆಗಸ್ಟ್ ತನಕ ನೈಋತ್ಯದ ಗಾಳಿ ದಿನಗಟ್ಟಲೆ ದಡದ ಕಡೆಗೆ ಬೀಸುತ್ತದೆ. ನೀರು ಕದಡಿ ಮೀನು ಕಾಣುವುದಿಲ್ಲ, ಹೊಟ್ಟೆಗಿಲ್ಲದ ಹಕ್ಕಿಗೆ ಗಾಳಿಯ ಎದುರು ಹಾರುವ ಶಕ್ತಿ ಉಳಿಯುವುದಿಲ್ಲ. ಹೀಗೆ ತಳ್ಳಿಕೊಂಡು ಬಂದವು ಮಂಗಳೂರಿನಿಂದ ಕಾರವಾರದವರೆಗಿನ ತೀರದಲ್ಲಿ ಸಿಗುತ್ತವೆ. ಮುಖಕ್ಕೆ ಕಪ್ಪು ಮುಸುಕು ಹಾಕಿದಂತಿರುವ ಮಾಸ್ಕ್ಡ್ ಬೂಬಿ, ಉದ್ದ ರೆಕ್ಕೆಯ ಫ್ರಿಗೇಟ್ ಹಕ್ಕಿ, ಷಿಯರ್‌ವಾಟರ್‌ಗಳು, ಅಂಗೈಯಲ್ಲಿ ಹಿಡಿಸುವ ಸ್ಟಾರ್ಮ್ ಪೆಟ್ರೆಲ್. ಇದರಲ್ಲಿ ನನಗೆ ತೀರದ ಬೆರಗು ಹುಟ್ಟಿಸುವುದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಅಂಟಾರ್ಕ್ಟಿಕದ ಅಂಚಿನಲ್ಲಿ ಮರಿ ಮಾಡಿ, ಅಲ್ಲಿ ಚಳಿಗಾಲ ಬಿದ್ದಾಗ ನಮ್ಮ ಅರಬ್ಬಿ ಸಮುದ್ರಕ್ಕೆ ಬರುತ್ತದೆ. ಲೋಕದ ಅತಿ ಹೆಚ್ಚು ಸಂಖ್ಯೆಯ ಕಡಲಹಕ್ಕಿಗಳಲ್ಲಿ ಅದೂ ಒಂದು. ದಡದಲ್ಲಿ ನಿಂತವರ ಪಟ್ಟಿಯಲ್ಲಿ ಮಾತ್ರ ‘ಅಪರೂಪ’. ನಾವು ನಿಲ್ಲುವ ಜಾಗವನ್ನು ಹದಿನೈದು ಮೈಲಿ ಪಡುವಣಕ್ಕೆ ಸರಿಸಿದರೆ ಆ ಪದವೇ ಬೇಕಾಗುವುದಿಲ್ಲ.

ಅಲ್ಲಿಗೆ ಸರಿದು ನಿಲ್ಲುವವರು ಯಾರು? ನಿಮ್ಮ ನಾಡದೋಣಿಯ ಹಿರಿಯರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು, ಆ ಎರಡು ತಿಂಗಳು ಕಡಲಿಗೆ ಇಳಿಯುವವರು ಹೆಚ್ಚಾಗಿ ಅವರೇ. ಅವರ ಮಾತನ್ನು ನಿಮ್ಮ ಟಿಪ್ಪಣಿಯಲ್ಲಿ ಸೇರಿಸದೆ ಬಿಟ್ಟದ್ದು ನನಗೆ ಬೇಸರ ತಂದಿತು. ಆಂಧ್ರದ ಕಡಪ ಜಿಲ್ಲೆಯ ಜರ್ಡನ್ಸ್ ಕೋರ್ಸರ್ ಹಕ್ಕಿಯನ್ನು 1900ರ ನಂತರ ಯಾವ ಪಕ್ಷಿತಜ್ಞರೂ ಕಂಡಿರಲಿಲ್ಲ, ಅಳಿದೇ ಹೋಯಿತು ಎಂದುಕೊಂಡಿದ್ದರು. ಊರಿನವರು ಅದನ್ನು ಕಲಿವಿ ಕೋಡಿ ಎಂದು ಕರೆಯುತ್ತಿದ್ದರು, ಕಲಿವಿ ಗಿಡದ ಪೊದೆಗಳಲ್ಲಿ ಇರುವ ಕೋಳಿ ಎಂಬ ಅರ್ಥದಲ್ಲಿ. 1986ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅವರ ಹುಡುಕಾಟಕ್ಕೆ ಕೊನೆಗೂ ಆ ಹಕ್ಕಿಯನ್ನು ಕೈಯಲ್ಲಿ ಹಿಡಿದು ತಂದುಕೊಟ್ಟದ್ದು ಅಲ್ಲಿನ ಬೇಟೆಗಾರ, ರಾತ್ರಿ ಟಾರ್ಚಿನ ಬೆಳಕಿನಲ್ಲಿ. ನಮ್ಮಲ್ಲಿಯೂ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ ಎರೆಭೂತ ಎಂಬ ಹೆಸರಿದೆ. ಎರೆಮಣ್ಣಿನ ಬಯಲಿನಲ್ಲಿ ಸುಮಾರು ಒಂದು ಮೀಟರ್ ಎತ್ತರಕ್ಕೆ ಎದ್ದು ನಿಲ್ಲುವ ಹಕ್ಕಿಯನ್ನು ಹೊಲದಲ್ಲಿ ದುಡಿಯುವವರಲ್ಲದೆ ಇನ್ಯಾರು ಹಾಗೆ ಕರೆದಾರು?

ಇನ್ನು ಇಂಥ ಹಕ್ಕಿ ಮತ್ತೆ ಸಿಕ್ಕಾಗ ಮಾಡಬೇಕಾದದ್ದು. ಹತ್ತಿರ ಹೋದರೂ ಹಾರದ ಕಡಲಹಕ್ಕಿ ಸಾಧುವಾಗಿದೆ ಎಂದುಕೊಳ್ಳಬೇಡಿ. ಅದಕ್ಕೆ ತ್ರಾಣವಿಲ್ಲ. ಸುತ್ತ ಜನ ಸೇರಿ ಎಬ್ಬಿಸಿ ಹಾರಿಸಿದರೆ ಉಳಿದ ಚೂರು ಶಕ್ತಿಯೂ ಹೋಗುತ್ತದೆ. ದೂರದಿಂದ ಎರಡು ಚಿತ್ರ ತೆಗೆದು, ನಾಯಿಗಳೂ ಕಾಗೆಗಳೂ ಹತ್ತಿರ ಸುಳಿಯದಂತೆ ನೋಡಿಕೊಂಡು, ಅರಣ್ಯ ಇಲಾಖೆಗೆ ಫೋನ್ ಮಾಡಿ. ದಯವಿಟ್ಟು ಮತ್ತೆ ನೀರಿಗೆ ಎಸೆಯಬೇಡಿ. ‘ಕಡಲಿನ ಹಕ್ಕಿಯಲ್ಲವೇ’ ಎಂದು ಪ್ರೀತಿಯಿಂದಲೇ ಹಾಗೆ ಮಾಡುವವರಿದ್ದಾರೆ, ಆದರೆ ಸೂಟಿ ಟರ್ನ್‌ನಂಥ ಹಕ್ಕಿಯ ಗರಿ ನೀರು ಕುಡಿದು ಭಾರವಾಗುತ್ತದೆ, ತೆರೆಯಲ್ಲಿ ಮುಳುಗಿ ಸಾಯುತ್ತದೆ. ಎತ್ತಲೇಬೇಕಾಗಿ ಬಂದರೆ ಕೈಗವಸು ಹಾಕಿ, ಬಟ್ಟೆ ಮುಚ್ಚಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿ ಬೆಚ್ಚಗೆ ಇಡಿ. ಬಾಯಿ ಬಿಡಿಸಿ ನೀರು, ಅನ್ನ, ಮೀನು ಏನನ್ನೂ ತುರುಕಬೇಡಿ. ಬೂಬಿಯಾದರೆ ಮುಖವನ್ನು ಹತ್ತಿರ ಒಯ್ಯಲೇಬೇಡಿ, ಅದರ ಕೊಕ್ಕು ನೇರವಾಗಿ ಕಣ್ಣಿಗೆ ಬರುತ್ತದೆ. ಮನೆಯಲ್ಲಿ ಇಟ್ಟುಕೊಂಡು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ.

ಸತ್ತ ಹಕ್ಕಿಯೂ ದಾಖಲೆಯೇ. ಬರಿಗೈಯಲ್ಲಿ ಮುಟ್ಟದೆ, ಪಕ್ಕದಲ್ಲಿ ಒಂದು ಸ್ಕೇಲು ಅಥವಾ ಪೆನ್ನು ಇಟ್ಟು, ರೆಕ್ಕೆ ಬಿಚ್ಚಿ ಮೇಲ್ಮೈ ಮತ್ತು ಒಳಮೈ, ಕೊಕ್ಕು, ಕಾಲು ಎಲ್ಲದರ ಚಿತ್ರ ತೆಗೆಯಿರಿ. ಕಾಲಿನಲ್ಲಿ ಉಂಗುರವಿದ್ದರೆ ಅದರ ಮೇಲಿನ ಅಕ್ಷರ, ಅಂಕಿ ಪೂರ್ತಿ ಬರೆದುಕೊಳ್ಳಿ. ನಮ್ಮ ದೇಶದಲ್ಲಿ ಹಾಕಿದ ಉಂಗುರದ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ ಎಂದು ಇಂಗ್ಲಿಷಿನಲ್ಲಿ ಕೊರೆದಿರುತ್ತದೆ.

ದಣಿದು ಬಂದ ಕಡಲಹಕ್ಕಿಯ ಜಾಗವನ್ನು ಕೂಡಲೇ ಎಲ್ಲರಿಗೂ ಸಾರುವ ಮೊದಲು ಸ್ವಲ್ಪ ತಡೆಯಿರಿ. ಗೂಡಿನಲ್ಲಿರುವ ಹಕ್ಕಿ, ಗೂಬೆಗಳು, ಬೇಟೆಗಾರರ ಕಣ್ಣಿರುವ ಹಕ್ಕಿಗಳ ವಿಷಯದಲ್ಲಂತೂ ಜಾಗ ಹೇಳಲೇಬೇಡಿ. ಅಂಥ ಕೆಲವು ಜಾತಿಗಳ ಸ್ಥಳವನ್ನು ಇ-ಬರ್ಡ್ ತಾನಾಗಿಯೇ ಮರೆಮಾಡುತ್ತದೆ.

ಈಗ ನಿಮ್ಮ ದಾಖಲೆ. ಸೂಟಿ ಎಂಬುದನ್ನು ಬ್ರೈಡಲ್ಡ್ ಎಂದು ಬದಲಿಸಿ, ಮೂರು ಮತ್ತು ನಾಲ್ಕನೆಯ ಚಿತ್ರಗಳನ್ನೂ ಸೇರಿಸಿ, ಪರಿಶೀಲಕರಿಗೆ ಎರಡು ಸಾಲು ಬರೆಯಿರಿ. ಮುಂದಿನ ಮಳೆಗಾಲದಲ್ಲಿ ಏನೂ ಸಿಗದೆ ಬರಿಗೈಯಲ್ಲಿ ಮರಳಿದ ಬೆಳಗಿನ ಪಟ್ಟಿಯನ್ನೂ, ನಾಲ್ಕು ಕಾಗೆ, ಎರಡು ಗರುಡ ಅಷ್ಟೇ ಇದ್ದರೂ, ಹಾಕುತ್ತ ಬನ್ನಿ. ಜೂನ್, ಜುಲೈಯ ಮಳೆಯಲ್ಲಿ ನಮ್ಮ ತೀರದಲ್ಲಿ ನಡೆಯುವವರು ಕಡಿಮೆ. ಹಕ್ಕಿ ಬಾರದ ದಿನಗಳು ಗೊತ್ತಿದ್ದರೆ ತಾನೇ ಬಂದ ದಿನ ಗಾಳಿ ಏನು ಮಾಡಿತು ಎಂದು ತಿಳಿಯುವುದು?

ಮತ್ತು ಆ ಇಬ್ಬರು ಹಿರಿಯರ ಬಳಿ ಇನ್ನೊಮ್ಮೆ ಹೋಗಿ. ಚಿತ್ರ ತೋರಿಸಿ ‘ಇದೇ ತಾನೇ’ ಎಂದು ಕೇಳಬೇಡಿ, ಹಾಗೆ ಕೇಳಿದರೆ ಯಾರೂ ಹೌದೆನ್ನುತ್ತಾರೆ. ಕಡಲಲ್ಲಿ ಅದು ತೇಲುವ ಮರದ ತುಂಡು, ಬಲೆಯ ಬುರುಡೆಗಳ ಮೇಲೆ ಕೂರುತ್ತದೆಯೋ, ಸದಾ ಹಾರುತ್ತಲೇ ಇರುತ್ತದೆಯೋ ಎಂದು ಕೇಳಿ. ಬ್ರೈಡಲ್ಡ್ ಟರ್ನ್‌ಗೆ ತೇಲುವ ವಸ್ತುವಿನ ಮೇಲೆ ಕೂರುವ ಅಭ್ಯಾಸವಿದೆ, ಸೂಟಿ ಹಾಗೆ ಕೂರುವುದು ಅಪರೂಪ. ಯಾವ ತಿಂಗಳಲ್ಲಿ ಮೊದಲು ಕಾಣುತ್ತದೆ, ದಡದಿಂದ ಎಷ್ಟು ಮಾರು ನೀರಿನಲ್ಲಿ, ಒಂಟಿಯೋ ಹಿಂಡೋ ಎಂಬುದನ್ನೂ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದು ನನಗೊಂದು ಪ್ರತಿ ಕಳಿಸಿ.